ಹೆಬ್ಬೆರಳಿನ ಬುಡದ ಕೀಲಿಗೆ ಒಬ್ಬ ಮೇಷ್ಟ್ರ ಅಹವಾಲು

ನನ್ನ ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಬಿಡಾರ ಹೂಡಿರುವ ಮಾನ್ಯರೇ,

ಮೈಭಾರವನ್ನೆಲ್ಲ ತಮ್ಮ ಮೇಲೆ ಹೇರಿ ಓಡಾಡಿದರೂ ಒಮ್ಮೆಯೂ ತಮ್ಮ ಕ್ಷೇಮಸಮಾಚಾರ ವಿಚಾರಿಸದವನ ನಮಸ್ಕಾರವನ್ನು, ಬಗ್ಗಲು ಸೊಂಟ ಒಪ್ಪದ್ದರಿಂದ, ಇದ್ದಲ್ಲಿಂದಲೇ ಸ್ವೀಕರಿಸಬೇಕು.

ಅಂಗಾಲಿನ ಉದ್ದ ಮೂಳೆಯೂ ಬೆರಳಿನ ಗಿಡ್ಡ ಮೂಳೆಯೂ ಸೇರುವಲ್ಲಿ, ಬಟಾಣಿಯಂಥ ಎರಡು ಪುಟ್ಟ ಮೂಳೆಗಳನ್ನು ಕೆಳಗೆ ಬಂಟರಂತೆ ಇಟ್ಟುಕೊಂಡು ತಾವು ದರ್ಬಾರು ನಡೆಸುತ್ತೀರೆಂದೂ, ಹಿಮ್ಮಡಿ ಎತ್ತಿದಾಗಲೆಲ್ಲ ನಾನು ಮುಗ್ಗರಿಸದಿರುವುದೇ ತಮ್ಮ ಕೃಪೆಯೆಂದೂ ಮೂಳೆ ವೈದ್ಯರು ಹೇಳಿದಾಗ ಹೆಮ್ಮೆಯೇ ಆಯಿತು. ಆದರೆ ದೊರೆಗಳು ಹೆಜ್ಜೆಗೊಮ್ಮೆ ಲಟಕ್ ಎನ್ನಲೇಬೇಕೆ? ಪರೀಕ್ಷಾ ಕೊಠಡಿಯಲ್ಲಿ ಕಾವಲು ತಿರುಗುವ ಮೇಷ್ಟ್ರು ನಾನು. ನನಗಿಂತ ಮೊದಲೇ ತಾವು ಬೆಂಚಿನಿಂದ ಬೆಂಚಿಗೆ ಸುದ್ದಿ ಮುಟ್ಟಿಸುತ್ತಿದ್ದುದರಿಂದ, ಚೀಟಿಗಳೆಲ್ಲ ಕಾಲುಚೀಲ ಸೇರಿ, ಊರ ಮಕ್ಕಳೆಲ್ಲ ಏನೂ ಅರಿಯದ ಹಸುಗೂಸುಗಳಾಗಿ ಛಾವಣಿ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬನನ್ನೂ ಹಿಡಿಯದ ನನಗೆ 'ಲಟಕ್ ಮೇಷ್ಟ್ರು' ಎಂಬ ಬಿರುದು ಕೊಡಿಸಿದ ಉಪಕಾರ ತಮ್ಮದೇ.

ಮುಖ್ಯೋಪಾಧ್ಯಾಯಿನಿ ಗೊಣಗಿದರು, ಹೆಂಡತಿ ವೈದ್ಯರ ಬಳಿ ದಬ್ಬಿದಳು, ವೈದ್ಯರು ಬೂಟಿನೊಳಗೆ ಗಟ್ಟಿ ಅಟ್ಟೆ ಹಾಕಿಸಿ ತಮ್ಮ ಬಾಗುಬಳುಕನ್ನೇ ನಿಲ್ಲಿಸಿದರು. ತಾವು ತೆಪ್ಪಗಾದಿರಿ. ಮರುದಿನವೇ, ನೆಗಡಿಯೆಂದು ರಜೆ ಹಾಕಿದ ಸಹೋದ್ಯೋಗಿಯ ಬದಲು ನನ್ನನ್ನು ಅವಸರದಲ್ಲಿ ಬೇರೊಂದು ಕೊಠಡಿಗೆ ಅಟ್ಟಿದರು. ಸಮವಸ್ತ್ರದಲ್ಲಿ ಎಲ್ಲ ಬೆನ್ನುಗಳೂ ಒಂದೇ. ಸದ್ದಿಲ್ಲದೆ ಹಿಂದಿನಿಂದ ಹೋಗಿ, ಚೀಟಿ ಹಿಡಿದಿದ್ದ ಕೈಯನ್ನು ಗಪ್ಪನೆ ಹಿಡಿದು, ಮೊದಲ ಬೇಟೆಯ ಹುರುಪಿನಲ್ಲಿ ಇಡೀ ಕೊಠಡಿಗೆ ಕೇಳುವಂತೆ ಕೂಗಿದ ಮೇಲೆ ಮುಖ ನೋಡಿದೆ. ನನ್ನ ಮಗಳು.

ಅಷ್ಟು ಜನರೆದುರು ಕೂಗಿದ್ದನ್ನು ನುಂಗುವಂತಿರಲಿಲ್ಲ. ನಾನೇ ವರದಿ ಬರೆದೆ. ಅವಳಿಗೆ ಒಂದು ವರ್ಷ ಹೋಯಿತು. ಚೀಟಿಯಲ್ಲಿದ್ದುದು ಕೀಲುಗಳ ವಿಧಗಳು ಎಂಬುದು ತಮಗೆ ಸಂತೋಷದ ಸಂಗತಿಯಾಗಬಹುದು. ಮನೆಯ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: "ನೀವು ಬಂದಿದ್ದು ಕೇಳಿಸ್ಲೇ ಇಲ್ಲ ಅಪ್ಪಾ."

ಕಂಡವರ ಮಕ್ಕಳಿಗೆಲ್ಲ ಪುಕ್ಕಟೆ ಎಚ್ಚರಿಕೆ ಹಂಚಿದ ಧಾರಾಳಿಗಳು ತಾವು. ಸ್ವಂತ ಮನೆಯ ಕೂಸಿಗೆ ಒಂದು ಲಟಕ್ ದಯಪಾಲಿಸಲು ಏನು ದಾಡಿಯಾಗಿತ್ತು? ಅಟ್ಟೆಯ ನೆಪ ಹೇಳಬೇಡಿ. ಆದ್ದರಿಂದ ತಾವು ದಯಮಾಡಿ ಆ ಬೆಳಗ್ಗೆಗೆ ಹಿಂದಿರುಗಿ, ಅವಳ ಬೆಂಚು ತಲುಪುವ ಮುಂಚೆ ಒಮ್ಮೆ ಜೋರಾಗಿ ಸದ್ದು ಮಾಡಿ ಬರಬೇಕೆಂದು ಕೋರುತ್ತೇನೆ.

ಸದಾ ತಮ್ಮ ಮೇಲೆಯೇ ನಿಂತಿರುವ,
ತಮ್ಮ ವಿಶ್ವಾಸಿ,
ಲಟಕ್ ಮೇಷ್ಟ್ರು

ಮರೆತ ಮಾತು: ಅಟ್ಟೆಯನ್ನು ಕಿತ್ತೆಸೆದಿದ್ದೇನೆ. ತಾವು ಮತ್ತೆ ಸೊಗಸಾಗಿ ಮಾತಾಡುತ್ತಿದ್ದೀರಿ, ಅಭಿನಂದನೆಗಳು. ನಿನ್ನೆ ಮಗಳ ಕೋಣೆಯತ್ತ ಹೊರಟಿದ್ದೆ. ತಮ್ಮ ದನಿ ಕೇಳಿದೊಡನೆ ಅವಳು ಎದ್ದು ಬಾಗಿಲು ಹಾಕಿಕೊಂಡಳು.