ನವೆಂಬರಿನವರೆಗೆ ಕಾಯಿರಿ

ನನ್ನದು ಇಂದಿಗೂ ಒಂದೇ ಮಾತು: ನವೆಂಬರಿನವರೆಗೆ ಕಾಯಬೇಕಿತ್ತು. ಮನೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ಸ್ವಾತಂತ್ರ್ಯ ನನಗೆ ಉಳಿದಿಲ್ಲ, ಆದ್ದರಿಂದ ನಿಮ್ಮೆದುರು ಹೇಳುತ್ತಿದ್ದೇನೆ. ನಾನು ಅಡೊಮಾಕೊ, ಕುಮಾಸಿ ನಗರದ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಲ್ಯಾಪ್‌ಟಾಪುಗಳ ವಿಷಯದಲ್ಲಿ ನಾನು ಓದದೆ ಬಿಟ್ಟದ್ದು ಏನೂ ಇಲ್ಲ. (ಕೊಂಡಿಲ್ಲ, ಅಷ್ಟೆ. ಕೊಂಡವರಿಗೆ ಓದಲು ಪುರುಸೊತ್ತೆಲ್ಲಿ?)

ನನ್ನ ಹೆಂಡತಿ ಅಬ್ರಫಿ ಸತ್ತವರ ಪುಸ್ತಕ ಮಾಡುತ್ತಾಳೆ. ನಮ್ಮೂರಿನಲ್ಲಿ ಶನಿವಾರವೆಂದರೆ ಶವಸಂಸ್ಕಾರ, ಶವಸಂಸ್ಕಾರವೆಂದರೆ ಬಣ್ಣದ ಪುಸ್ತಕ. ಮುಖಪುಟದಲ್ಲಿ ನಗುತ್ತಿರುವ ಮೃತರು, ಒಳಗೆ ಹೆಂಡತಿ, ಮಕ್ಕಳು, ಸೋದರಳಿಯಂದಿರು ಬರೆದ ಹೊಗಳಿಕೆ. ಬದುಕಿದ್ದಾಗ ಯಾರೂ ಮಾತಾಡಿಸದವನು ಕೂಡ ಅವಳ ಪುಸ್ತಕದಲ್ಲಿ ಮಹಾಪುರುಷ. ಇಷ್ಟೂ ನಡೆಯುತ್ತಿದ್ದದ್ದು ಒಂದು ಮುದಿ ಲ್ಯಾಪ್‌ಟಾಪಿನಲ್ಲಿ. ಅದರ ಮುಚ್ಚಳವನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಬೇಕು, ಪಕ್ಕದಲ್ಲಿ ಫ್ಯಾನಿಟ್ಟು ಗಾಳಿ ಹಾಕಬೇಕು.

ಆ ಸೋಮವಾರ ಊರಿನ ದೊಡ್ಡ ಮನೆತನವೊಂದು ತೀರಿಹೋದ ಅಜ್ಜಿಯ ಪುಸ್ತಕಕ್ಕಾಗಿ ಅಬ್ರಫಿಯನ್ನು ಹುಡುಕಿಕೊಂಡು ಬಂತು. ಪುಟಪುಟಕ್ಕೂ ಫೋಟೋ. ಇಡೀ ಕುಮಾಸಿಯ ಕೈಗೆ ಹೋಗುವ ಕೆಲಸ. ಅವಳು ಸಂಭ್ರಮದಿಂದ ಒಪ್ಪಿಕೊಂಡಳು. ಮೊದಲ ಫೋಟೋ ಹಾಕುವಷ್ಟರಲ್ಲಿ ಲ್ಯಾಪ್‌ಟಾಪು ಒಂದು ಸಲ ನಿಟ್ಟುಸಿರುಬಿಟ್ಟು ಅಜ್ಜಿಯ ಹಾದಿ ಹಿಡಿಯಿತು.

"ರೀ, ಇವತ್ತೇ ಹೋಗಿ ಹೊಸದು ತರೋಣ."

"ಈಗ ಕೊಂಡ್ರೆ ಮೋಸ ಹೋದ ಹಾಗೆ ಕಣೇ. ನವೆಂಬರಲ್ಲಿ ಹೊಸ ಮಾಡೆಲ್ ಬರುತ್ತೆ. ಎರಡರಷ್ಟು ವೇಗ!"

"ಹೋದ ವರ್ಷ ಮಾರ್ಚಲ್ಲಿ ಬರುತ್ತೆ ಅಂದ್ರಿ. ಮಾರ್ಚಲ್ಲಿ ಕೇಳಿದ್ರೆ ಜುಲೈಲಿ ಬರುತ್ತೆ ಅಂದ್ರಿ."

"ಬಂತಲ್ವಾ ಮತ್ತೆ?"

"ಬಂತು. ನಮ್ಮನೆಗೆ ಬರ್ಲಿಲ್ಲ."

"ವಿಜ್ಞಾನ ನಿನಗೋಸ್ಕರ ನಿಲ್ಲುತ್ತೇನೇ?"

"ಹೆಣ ನಿಮಗೋಸ್ಕರ ನಿಲ್ಲುತ್ತೇನ್ರೀ? ಪುಸ್ತಕ ಆಗ್ಲಿಲ್ಲ ಅಂದ್ರೆ ಎದುರಂಗಡಿ ಪೊಕುವಾ ಹತ್ರ ಹೋಗ್ತಾರೆ. ಆಮೇಲೆ ನನ್ನ ಅಂಗಡಿಗೆ ಬೀಗಾನೇ."

ಕಣ್ಣು ತುಂಬಿಕೊಂಡು ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ನನಗೂ ಪಾಪ ಅನ್ನಿಸಿತು. ಆದರೆ ತತ್ವ ತತ್ವವೇ. ಅಲ್ಲದೆ ಆ ಕ್ಷಣವೇ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಹೆಣ ನಿಲ್ಲುತ್ತದೆ! ಅವಳ ತವರಿನಲ್ಲೇ ದೊಡ್ಡಮ್ಮ ತೀರಿಕೊಂಡಾಗ, ಮನೆಗೆ ಬಣ್ಣ ಬಳಿಸಬೇಕು, ಹ್ಯಾಂಬರ್ಗಿನಲ್ಲಿರುವ ಮಗನಿಗೆ ರಜೆ ಸಿಗಬೇಕು ಎಂದು ಆಕೆಯನ್ನು ತಿಂಗಳುಗಟ್ಟಲೆ ಶವಾಗಾರದ ತಂಪಿನಲ್ಲಿ ಮಲಗಿಸಿದ್ದರು. ಕಾಯುವ ಕಲೆಯಲ್ಲಿ ಇಂಥ ಘನ ಸಾಧನೆ ಮಾಡಿದ ಮನೆತನ ನನ್ನ ಪಕ್ಷ ಬಿಟ್ಟು ಇನ್ನಾರ ಪಕ್ಷ ವಹಿಸೀತು?

"ನಡಿ, ನಿನ್ನ ಸೋದರಮಾವನೇ ತೀರ್ಪು ಹೇಳ್ಲಿ," ಎಂದೆ.

ಅಬ್ರಫಿ ಕಣ್ಣೊರೆಸಿಕೊಂಡು ಎಷ್ಟು ಬೇಗ ಎದ್ದಳೆಂದರೆ, ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಹಿರಿಯರ ಹತ್ತಿರ ಬರಿಗೈಲಿ ಹೋಗುವಂತಿಲ್ಲ, ಒಂದು ಬಾಟ್ಲಿ ಶ್ನಾಪ್ಸ್ ಮದ್ಯ ಒಯ್ದೆ. ಬಲಗಡೆಯಿಂದ ಶುರುಮಾಡಿ ಅಂಗಳದಲ್ಲಿದ್ದ ನೆಂಟರಿಗೆಲ್ಲ ಕೈಕುಲುಕಿ, ಕೊಟ್ಟ ನೀರು ಕುಡಿದು ಕುಳಿತೆ. ಬಾಫೂರ್ ಮಾವ ಅವಳ ತವರು ಮನೆತನದ ಯಜಮಾನರು. ಅಳಿಯನಾದವನು ಅವರೊಂದಿಗೆ ನೇರವಾಗಿ ಮಾತಾಡಬಾರದು. ಪಕ್ಕದಲ್ಲಿರುವ ಮಾತುಗಾರ ಅಸಾರೆಗೆ ಹೇಳಬೇಕು, ಅಸಾರೆ ಅದನ್ನು ಅವರಿಗೆ ಹೇಳಬೇಕು. (ಮಾವ ಕೂತಿರುವುದು ಒಂದು ಮಾರು ದೂರದಲ್ಲಿ. ಕಿವಿಯೂ ಚುರುಕು.)

ನಾನು ತರಗತಿಯ ಗತ್ತಿನಲ್ಲೇ ಶುರುಮಾಡಿದೆ. "ಅಸಾರೆಯವ್ರೇ, ಹಿರಿಯರಿಗೆ ತಿಳಿಸಿ. ಅವಸರಪಟ್ಟು ಇವತ್ತು ಸಿಕ್ಕಿದ್ದನ್ನ ತಗೊಂಡ್ರೆ, ನಾಳೆ ಅದಕ್ಕಿಂತ ಒಳ್ಳೇದು ಬಂದಾಗ ಹಣೆ ಚಚ್ಚಿಕೊಳ್ಬೇಕಾಗುತ್ತೆ. ಬುದ್ಧಿ ಇರೋರು ಕಾಯ್ತಾರೆ."

ಅಸಾರೆ ಗಂಟಲು ಸರಿಮಾಡಿಕೊಂಡ. "ಹಿರಿಯರೇ, ಅಳಿಯಂದ್ರು ಹೇಳ್ತಾರೆ: ಬಂದ ಮೊದಲನೇದಕ್ಕೇ ಒಪ್ಪಿಕೊಂಡೋರು ದಡ್ಡರಂತೆ."

ಮಾವ ಗಡ್ಡ ಸವರಿಕೊಂಡರು.

"ಅಸಾರೆ, ಅಳಿಯಂದ್ರಿಗೆ ಹೇಳು. ಇವ್ರು ನಮ್ಮ ಹುಡುಗೀನ ಕೇಳೋಕೆ ಬಂದಾಗ ಟೆಚಿಮಾನಿನ ಗೆಣಸಿನ ವ್ಯಾಪಾರಿ ಮುಂದಿನ ತಿಂಗಳು ಬರ್ತೀನಿ ಅಂತ ಹೇಳಿ ಕಳಿಸಿದ್ದ. ಅವನಿಗೆ ಎರಡು ಲಾರಿ. ಇವ್ರಿಗೆ ಸೈಕಲ್ಲೂ ಇರ್ಲಿಲ್ಲ. ಆದ್ರೂ ನಾವು ಕಾಯ್ಲಿಲ್ಲ."

ಅಸಾರೆ ನನ್ನ ಕಡೆ ತಿರುಗಿ, ಲಾರಿಗಳನ್ನು ಇನ್ನಷ್ಟು ದೊಡ್ಡದು ಮಾಡಿ, ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಒಂದೇ ಅವಮಾನವನ್ನು ಎರಡು ಸಲ ಕೇಳಿಸಿಕೊಳ್ಳಬೇಕಾದ್ದು ನಮ್ಮ ಸಂಪ್ರದಾಯ.

"ಅದು ಬೇರೆ, ಇದು ಬೇರೆ!" ನಾನೇನು ಬಿಡುವವನೇ? "ಲ್ಯಾಪ್‌ಟಾಪು ಬೇಗ ಹಳೇದಾಗುತ್ತೆ!"

ಮಾವ ನನ್ನ ಬೋಳುತಲೆಯಿಂದ ಶುರುಮಾಡಿ ಹೊಟ್ಟೆಯವರೆಗೆ ನಿಧಾನವಾಗಿ ನೋಡಿದರು. ಇದನ್ನು ಅಸಾರೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಆಮೇಲೆ ಅವರು ಬಾಟ್ಲಿಯನ್ನು ಕೈಗೆತ್ತಿಕೊಂಡರು. "ಅಬ್ರಫೀ, ಇವ್ರು ತಂದಿರೋ ಈ ಬಾಟ್ಲಿ ತೆಗೀಲೇನಮ್ಮಾ?"

ಮದುವೆಯ ದಿನ ಹುಡುಗಿಯನ್ನು ಹೀಗೆಯೇ ಮೂರು ಸಲ ಕೇಳುತ್ತಾರೆ. ಬಾಟ್ಲಿ ಒಪ್ಪಿದರೆ ಗಂಡನ್ನು ಒಪ್ಪಿದ ಹಾಗೆ. ಅಂದು ಅವಳು ಪ್ರಶ್ನೆ ಮುಗಿಯುವ ಮೊದಲೇ ಮೂರೂ ಸಲ ಹೂಂ ಅಂದಿದ್ದಳು.

"ತೆಗೀರಿ ಮಾವ."

"ಎರಡನೇ ಸಲ ಕೇಳ್ತಿದೀನಿ. ತೆಗೀಲಾ?"

"ಹೂಂ... ತೆಗೀರಿ."

"ಮೂರನೇ ಸಲ. ಯೋಚನೆ ಮಾಡಿ ಹೇಳು ತಾಯಿ."

ಅಬ್ರಫಿ ನನ್ನನ್ನು ನೋಡಿದಳು, ಅಂಗಳದ ಮಾವಿನಮರವನ್ನು ನೋಡಿದಳು. "ಅವಸರ ಏನಿದೆ ಮಾವ? ನವೆಂಬರಿನವರೆಗೆ ನೋಡೋಣ."

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಅಸಾರೆ ಅದನ್ನು ವಿಧಿವತ್ತಾಗಿ ನನಗೆ ಮುಟ್ಟಿಸಲು ತಿರುಗುವಷ್ಟರಲ್ಲಿ ನಾನು ರಸ್ತೆಗೆ ಬಂದು ಟ್ಯಾಕ್ಸಿಗೆ ಕೈ ತೋರಿಸುತ್ತಿದ್ದೆ.

ನಾನು ಸೋತೆನೆಂದು ಯಾರೂ ಭಾವಿಸಬೇಕಿಲ್ಲ. ಹೆದರಿದೆನೆಂದು ಬೇಕಾದರೆ ಅಂದುಕೊಳ್ಳಿ. ಕಂಪ್ಯೂಟರ್ ಅಂಗಡಿಯವನು ಪ್ರಾಮಾಣಿಕ ಮನುಷ್ಯ. ನಾನು ಬೆರಳು ತೋರಿಸಿದ ಲ್ಯಾಪ್‌ಟಾಪನ್ನು ಕೆಳಗಿಳಿಸುತ್ತಾ, "ಸರ್, ಸ್ವಲ್ಪ ಕಾದ್ರೆ ನವೆಂಬರಲ್ಲಿ ಇದರದ್ದೇ ಹೊಸ ಮಾಡೆಲ್..." ಎಂದು ಬಾಯಿ ತೆಗೆದ.

"ತೆಪ್ಪಗೆ ಪ್ಯಾಕ್ ಮಾಡಯ್ಯಾ!" ಎಂದೆ.