ದುಐಜನ ಎರಡನೇ ಆಪರೇಷನ್ನು

ಎಲ್ಲಕ್ಕೂ ಮೂಲ ಒಂದು ಫ್ಲಾಸ್ಕು.

ದುಐಜ್ ಅದನ್ನು ಎರಡು ವಾರದಿಂದ ಕಚೇರಿಯ ಮೇಜಿನ ಕೆಳಗಿನ ಖಾನೆಯಲ್ಲಿಟ್ಟಿದ್ದ. ಯಾರೂ ನೋಡದಾಗ ಬಗ್ಗಿ, ಮುಚ್ಚಳದ ತುಂಬ ಕೋಳಿಯ ತಿಳಿಸಾರು ಕುಡಿದು, ಬಾಯಿ ಒರೆಸಿಕೊಂಡು ಏಳುತ್ತಿದ್ದ. ಅಂಥ ದೇಹ ಮೇಜಿನ ಕೆಳಗೆ ಮರೆಯಾಗುವುದು ಸುಲಭವಲ್ಲ. ಒಂಟೆ ಕರ್ಚೀಫಿನ ಹಿಂದೆ ಅಡಗಿಕೊಂಡ ಹಾಗೆ ಕಾಣುತ್ತಿತ್ತು. ಆ ಬೆಳಿಗ್ಗೆ ಅವನು ಬಗ್ಗಿದ್ದಾಗಲೇ ಪಕ್ಕದ ಮೇಜಿನ ಮುತ್ಲಕ್ ಬಂದುಬಿಟ್ಟ.

"ಏನ್ ಬೂ ಗಾನಿಮ್, ಉಂಗುರ ಬಿತ್ತಾ?" ಬೂ ಅಂದರೆ ಅಪ್ಪ; ಆ ಅರಬರಲ್ಲಿ ಗಂಡಸನ್ನು ಮಗನ ಹೆಸರು ಹಿಡಿದೇ ಕರೆಯುವುದು.

ದುಐಜ್ ಗಡಬಡಿಸಿ ಏಳುವಾಗ ತಲೆ ಮೇಜಿಗೆ ಬಡಿಯಿತು. ಫ್ಲಾಸ್ಕು ಉರುಳಿತು. ಸಾರಿನ ವಾಸನೆ ಕೋಣೆಗೆಲ್ಲ ಹರಡಿತು. ಮುತ್ಲಕ್ ಮೂಗರಳಿಸಿದ. ಆ ವಾಸನೆ ಅವನಿಗೆ ಗೊತ್ತು. ಅವನೂ ಹೊಟ್ಟೆ ಕತ್ತರಿಸಿಕೊಂಡವನೇ.

"ತಿಳಿಸಾರು! ಆಪರೇಷನ್ನಿನ ತಿಳಿಸಾರು! ಮತ್ತೆ ಮಾಡಿಸ್ಕೋತಿದ್ದೀಯಾ? ಯಾವಾಗ?"

"ಮೆಲ್ಲಗೆ ಮಾತಾಡೋ."

"ಯಾವಾಗ ಅಂತ ಹೇಳು, ಮೆಲ್ಲಗೇ ಮಾತಾಡ್ತೀನಿ."

"ನಾಳೆ ಬೆಳಿಗ್ಗೆ."

"ನಾಳೇನಾ!" ಎಂದು ಮುತ್ಲಕ್ ಕೂಗಿದ್ದು ಕೆಳಗೆ ಕಾರು ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು.

ಮೊದಲ ಆಪರೇಷನ್ನನ್ನು ದುಐಜ್ ಎಲ್ಲರಿಗೂ ಹೇಳಿಯೇ ಮಾಡಿಸಿಕೊಂಡಿದ್ದ. ಹೊಟ್ಟೆಯನ್ನು ಕತ್ತರಿಸಿ ಒಂದು ಬಾಳೆಕಾಯಿಯಷ್ಟು ಉಳಿಸಿದ್ದರು. ಎರಡು ವರ್ಷ ತೆಳ್ಳಗಿದ್ದ. ಆಮೇಲೆ ಬಾಳೆಕಾಯಿ ನಿಧಾನವಾಗಿ ಹಿಗ್ಗಿತು, ತೂಕ ಮರಳಿತು. ಅದನ್ನು ಮಾತ್ರ ಯಾರಿಗೂ ಹೇಳಬೇಕಾಗಲಿಲ್ಲ. ತೂಕಕ್ಕಿಂತ ಕೆಟ್ಟದ್ದು ಎದೆಯುರಿ. ಮಲಗಿದರೆ ಹುಳಿ ಗಂಟಲಿಗೆ ಬರುತ್ತಿತ್ತು. ಈಗ ಅವನು ಪಡಸಾಲೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. ಹೆಂಡತಿ ಲುಲ್ವಾ ಒಳಗೆ ದೊಡ್ಡ ಮಂಚದ ಮೇಲೆ ಒಬ್ಬಳೇ. ಮೊದಮೊದಲು ಅವಳು ಬೆಳಿಗ್ಗೆ ಎದ್ದು ಅವನ ಕುತ್ತಿಗೆ ತಿಕ್ಕುತ್ತಿದ್ದಳು. ಈಚೆಗೆ ಅದೂ ನಿಂತಿತ್ತು. ಇಬ್ಬರಿಗೂ ಅಭ್ಯಾಸವಾಗುತ್ತಿತ್ತು. ಅಭ್ಯಾಸವಾಗುತ್ತಿದೆ ಎಂದು ತಿಳಿದ ದಿನವೇ ದುಐಜ್ ಡಾಕ್ಟರ ಹತ್ತಿರ ಹೋದ.

ಡಾಕ್ಟರ್ ನವ್ವಾಫ್ ಹೆಚ್ಚು ಮಾತಿನವರಲ್ಲ. ಹಳೆಯ ಹೊಟ್ಟೆಯನ್ನು ಬಿಡಿಸಿ ಕರುಳಿಗೆ ಬೈಪಾಸ್ ಮಾಡಬೇಕು, ಎದೆಯುರಿ ಹೋಗುತ್ತದೆ, ಆದರೆ ಎರಡನೇ ಸಲದ ಆಪರೇಷನ್ನು ಮೊದಲಿನದರಷ್ಟು ಸಲೀಸಲ್ಲ ಎಂದರು. ಸರದಿ ಬರಲು ವರ್ಷವೇ ಹಿಡಿಯಿತು. ಸರದಿ ಬಂದಾಗ ಷರತ್ತು ಹಾಕಿದರು. ಎರಡು ವಾರ ಬರೀ ನೀರಾಗಿರುವ ಆಹಾರ, ಇಲ್ಲವಾದರೆ ಪಿತ್ತಜನಕಾಂಗ ಊದಿಕೊಂಡು ದಾರಿಗೆ ಅಡ್ಡ ಕೂರುತ್ತದೆ. ಹಿಂದಿನ ದಿನ ರಾತ್ರಿ ಬಾಯಿಂದ ಕ್ಯಾಮೆರಾ ಇಳಿಸಿ ಹಳೆಯ ಹೊಟ್ಟೆಯನ್ನು ನೋಡುತ್ತೇನೆ, ಆ ದಿನ ಮಧ್ಯಾಹ್ನದ ನಮಾಜಿನ ನಂತರ ನೀರೂ ಬೇಡ. "ಒಂದು ಗುಟುಕು ಕುಡಿದಿದ್ರೂ ವಾಪಸ್ ಕಳಿಸ್ತೀನಿ. ಮತ್ತೆ ಸರದಿಯ ಬಾಲಕ್ಕೆ ಹೋಗಿ ನಿಂತ್ಕೋಬೇಕು."

ಆ ದಿನ ಇದೇ. ದುಐಜ್ ಎರಡು ವಾರ ಪಥ್ಯ ಮೀರಿರಲಿಲ್ಲ. ಲುಲ್ವಾ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಈಗ ಕಚೇರಿಯೇ ಅವನ ಮೇಜಿನ ಸುತ್ತ ನಿಂತಿತ್ತು.

ಆ ವಿಭಾಗದಲ್ಲಿ ಆರು ಗಂಡಸರು. ಎಲ್ಲರದ್ದೂ ಕೂಡಿಸಿದರೆ ಮೂರು ಪೂರ್ತಿ ಹೊಟ್ಟೆ ಆಗಬಹುದಿತ್ತು. ಹಾಗಾಗಿ ಸಲಹೆಗೆ ಬರವಿರಲಿಲ್ಲ.

"ಟರ್ಕಿಗೆ ಹೋಗಯ್ಯ," ಎಂದ ಒಬ್ಬ. "ನಂಗೆ ಅಲ್ಲಿ ಹೊಟ್ಟೆ ಜೊತೆ ಹಲ್ಲೂ ಮಾಡಿ ಕಳಿಸಿದ್ರು. ಎರಡೂ ಒಂದೇ ವಾರದಲ್ಲಿ."

"ಹೊಟ್ಟೆ ಇಲ್ದೋನಿಗೆ ಹಲ್ಲು ಯಾಕೋ?" ಎಂದ ಇನ್ನೊಬ್ಬ.

"ನಮ್ಮತ್ತಿಗೆ ಎರಡನೇ ಸಲ ಮಾಡಿಸ್ಕೊಂಡ್ಳು. ಈಗ ಅನ್ನ ಬೇಯೋ ವಾಸನೆ ಬಂದ್ರೆ ಅಳ್ತಾಳೆ."

"ಅವಳು ಮೊದಲೂ ಅಳ್ತಿದ್ಳಲ್ಲ."

"ಆಗ ಬೇರೆ ಕಾರಣಕ್ಕೆ."

ಮುತ್ಲಕ್ ಮಾತ್ರ ಅಲ್ಲಿರಲಿಲ್ಲ. ಅವನು ಹಜಾರದಲ್ಲಿ ಫೋನು ಹಿಡಿದು ನಿಂತಿದ್ದ. ದುಐಜನ ಮಾವ ಬೂ ಬರ್ಜಸರ ದಿವಾನಿಯಾದಲ್ಲಿ, ಅಂದರೆ ಸಂಜೆಯ ಗಂಡಸರ ಕೂಟದಲ್ಲಿ, ಮುತ್ಲಕ್ ದಿನಾ ಕೂರುವವನು. ಸುದ್ದಿಯನ್ನು ಸಂಜೆಯವರೆಗೆ ಇಟ್ಟುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಹತ್ತು ನಿಮಿಷದಲ್ಲಿ ಮಾವನ ಫೋನು ಬಂತು.

"ಅಳಿಯಂದ್ರೇ, ನಾಳೆ ಕತ್ತರಿಸ್ಕೋತೀರಂತೆ?"

"ಹೌದು ಮಾವ. ಹೇಳೋಣ ಅಂತಲೇ..."

"ಹೇಳ್ದೇ ಇದ್ರೆ ಹೋಗ್ಲಿ. ಬೂ ಶಾಫಿ ಮನೆಗೆ ಹುಡುಗಿ ಕೇಳೋಕೆ ಬರೋ ಗುರುವಾರ ಹೋಗೋದು ಅಂತಿತ್ತಲ್ಲ, ನಮ್ಮ ಬರ್ಜಸ್‌ಗೆ? ಅಷ್ಟೊತ್ತಿಗೆ ನೀವು ಹಾಸಿಗೆ ಮೇಲೆ ಬಾಡಿದ ಸೊಪ್ಪಿನ ಥರ ಬಿದ್ದಿರ್ತೀರಿ. ನಂಗೆ ನೀವು ದಪ್ಪ ಇರೋವಾಗಲೇ ಬೇಕು. ಇವತ್ತು ಸಂಜೆಗೆ ಹೋಗೋಣ. ಈಗಷ್ಟೇ ಅವ್ರಿಗೆ ಹೇಳ್ದೆ."

ಬೂ ಶಾಫಿ ಹಿಂದೆ ಇಬ್ಬರ ಕಡೆಯವರನ್ನು ಬರಿಗೈಯಲ್ಲಿ ವಾಪಸ್ ಕಳಿಸಿದ್ದರು. ಅದಕ್ಕೆ ಮಾವನ ವಿವರಣೆ ಸರಳವಾಗಿತ್ತು. ಎರಡು ಸಲವೂ ಬಂದವರೆಲ್ಲ ಸಣಕಲರು. ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ಕೂತರೆ ದಿಂಬು ಯಾವುದು ಮನುಷ್ಯ ಯಾವುದು ಗೊತ್ತಾಗುವಂತಿರಲಿಲ್ಲ. ಅಂಥವರನ್ನು ನಂಬಿ ಯಾರು ಮಗಳನ್ನು ಕೊಡುತ್ತಾರೆ?

"ಮಾವ, ನಾನು ನೀರೂ ಮುಟ್ಟೋ ಹಾಗಿಲ್ಲ ಇವತ್ತು."

"ಮುಟ್ಟಬೇಡಿ. ಸುಮ್ನೆ ಕೂತ್ಕೊಳ್ಳಿ. ಮಾತಾಡೋಕೂ ಬಾಯಿ ಬಿಡಬೇಡಿ, ತಿನ್ನೋಕೂ ಬಿಡಬೇಡಿ. ಮಾತು ನಂದು. ಕಾಲು ಗಂಟೆ. ಆಮೇಲೆ ಆಸ್ಪತ್ರೆ ಬಾಗಿಲಿಗೆ ನಾನೇ ಬಿಡ್ತೀನಿ."

ಮನೆಗೆ ಬಂದಾಗ ಲುಲ್ವಾ ಆಸ್ಪತ್ರೆಯ ಚೀಲ ಕಟ್ಟಿಟ್ಟಿದ್ದಳು. ಮೇಲೆ ಸಮಾರಂಭಕ್ಕೆ ತೊಡುವ ಅವನ ಒಳ್ಳೆಯ ಮೇಲಂಗಿ, ಬಿಶ್ತ್, ಇಸ್ತ್ರಿ ಮಾಡಿ ತೂಗುಹಾಕಿತ್ತು. ಎರಡನ್ನೂ ನೋಡಿ ದುಐಜ್ ನಿಂತ.

"ನಿಮ್ಮಪ್ಪನಿಗೆ ಇಲ್ಲ ಅನ್ನೋಕಾಗಲ್ವಾ?"

"ನಿಮಗೆ ಆಯ್ತಾ?" ಎಂದಳು ಲುಲ್ವಾ. ಆಮೇಲೆ ಬಿಶ್ತ್ ಕೆಳಗಿಳಿಸುತ್ತ, "ನನ್ನ ತಮ್ಮ ಬರ್ಜಸ್ ಊಟ ಬಿಟ್ಟಿದ್ದಾನೆ. ನೀವು ಡಾಕ್ಟರು ಹೇಳಿ ಬಿಟ್ರಿ, ಅವನು ಆ ಹುಡುಗಿಗಾಗಿ ಬಿಟ್ಟಿದ್ದಾನೆ. ಹೋಗಿ ಬನ್ನಿ. ಏನೂ ಕುಡೀಬೇಡಿ," ಎಂದಳು. ಬಿಶ್ತ್ ತೊಡಿಸುವಾಗ ಅವನ ಕುತ್ತಿಗೆಯ ಮೇಲೆ ಒಂದು ಕ್ಷಣ ಕೈಯಿಟ್ಟಳು.

ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ ಐದು ಜನ ಬೂ ಶಾಫಿಯ ಮನೆಗೆ ಹೋದರು. ಮಾವ ಕಾರಿನಲ್ಲೇ ಎಲ್ಲರ ಫೋನು ಕಸಿದು ಡಬ್ಬಿಗೆ ಹಾಕಿದ್ದರು. ಹುಡುಗಿ ಕೇಳುವಾಗ ಫೋನು ಕಿರುಗುಟ್ಟಿದರೆ ಅಪಶಕುನವಂತೆ. ದಾರಿಯುದ್ದಕ್ಕೂ ಅವರು ತಮ್ಮ ಭಾಷಣವನ್ನು ಗೊಣಗಿಕೊಳ್ಳುತ್ತಿದ್ದರು. ಅದರಲ್ಲಿ ದೇವರ ಸ್ತುತಿ, ಎರಡೂ ಮನೆತನಗಳ ಅಜ್ಜಂದಿರು, ಮುತ್ತು ತೆಗೆಯುವ ದೋಣಿಗಳ ಕಾಲ, ಕೊನೆಗೆ ಬರ್ಜಸ್‌ನ ಕೆಲಸ ಬರುತ್ತಿತ್ತು. ಬರ್ಜಸ್ ಹಿಂದಿನ ಸೀಟಿನಲ್ಲಿ ಹರಕೆಯ ಕುರಿಯಂತೆ ಕೂತಿದ್ದ.

ಮಜ್ಲಿಸಿಗೆ ಕಾಲಿಟ್ಟೊಡನೆ ತೊಂದರೆ ಶುರುವಾಯಿತು. ಬೂ ಶಾಫಿ ಎದ್ದು ನಿಂತು ಐವರನ್ನೂ ನೋಡಿದರು. ಅವರ ಕಣ್ಣು ದುಐಜನ ಮೇಲೆ ನಿಂತಿತು. ನಿಲ್ಲದೆ ಬೇರೆ ದಾರಿಯಿರಲಿಲ್ಲ, ಬಾಗಿಲು ಪೂರ್ತಿ ಅವನೇ ಇದ್ದ. ಕೈ ಹಿಡಿದು ಕರೆದೊಯ್ದು ಕೋಣೆಯ ತಲೆಭಾಗದಲ್ಲಿ, ತಮ್ಮ ಬಲಕ್ಕೇ ಕೂರಿಸಿಕೊಂಡರು. ಮಾವನಿಗೆ ಮೂರನೆಯ ಜಾಗ ಸಿಕ್ಕಿತು.

ಕಾಫಿ ಬಂತು. ಏಲಕ್ಕಿಯ ಪರಿಮಳದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ. ಮೊದಲ ಬಟ್ಟಲು ಗೌರವದ ಜಾಗದಲ್ಲಿ ಕೂತವನಿಗೆ. ದುಐಜ್ ತೆಗೆದುಕೊಂಡ. ಬೇಡವೆಂದು ಬಟ್ಟಲನ್ನು ಅಲ್ಲಾಡಿಸಬಹುದು, ಆದರೆ ಒಂದಾದರೂ ಕುಡಿದ ಮೇಲೆ. ಕೈಯಲ್ಲೇ ಹಿಡಿದು ಎಷ್ಟು ಹೊತ್ತು ಕೂರುವುದು? ಬೆರಳು ಸುಡುತ್ತಿತ್ತು. ಗಂಟಲು ಮಧ್ಯಾಹ್ನದಿಂದ ಒಣಗಿ ಮರಳುಕಾಗದವಾಗಿತ್ತು. ಡಾಕ್ಟರ ಮಾತು ನೆನಪಾಯಿತು. ಅವನು ಬಟ್ಟಲನ್ನು ಮೆಲ್ಲನೆ ಜಮಖಾನೆಯ ಮೇಲಿಟ್ಟ.

ಕೋಣೆ ಗಪ್ಪಾಯಿತು.

ಆಗ ಅವನಿಗೆ ಹೊಳೆಯಿತು. ಆ ಮನೆಗಳಲ್ಲಿ ಅತಿಥಿ ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ ಒಂದೇ ಅರ್ಥ. ನನ್ನದೊಂದು ಬೇಡಿಕೆಯಿದೆ, ನೀವು ಆಗಲಿ ಅನ್ನುವತನಕ ನಿಮ್ಮ ಮನೆಯ ಕಾಫಿ ನನಗೆ ಬೇಡ. ಈ ಬಟ್ಟಲನ್ನು ಇಡಬೇಕಿದ್ದವರು ಮಾವ. ಅದೂ ಅಜ್ಜಂದಿರು, ದೋಣಿಗಳು ಎಲ್ಲ ಮುಗಿದ ಮೇಲೆ. ಮಾವ ಭಾಷಣಕ್ಕೆಂದು ಎಳೆದುಕೊಂಡ ಉಸಿರನ್ನು ಬಿಡಲಾಗದೆ ಬಲೂನಿನಂತೆ ಕೂತಿದ್ದರು.

"ಹೇಳಿ ಬೂ ಗಾನಿಮ್," ಎಂದರು ಬೂ ಶಾಫಿ. "ನಿಮ್ಮ ಬೇಡಿಕೆ ಏನು?"

ಬೇಡಿಕೆಯೆಂದರೆ ಈ ಕಾಫಿ ಕುಡಿಯದಿರುವುದು. ನಾಳೆಯಿಂದ ಮಂಚದ ಮೇಲೆ ಮಲಗುವುದು. ಅದನ್ನು ಇಲ್ಲಿ ಹೇಳಲಾಗದು. ದುಐಜ್ ಎದುರಿಗಿದ್ದ ಬರ್ಜಸ್‌ನನ್ನು ನೋಡಿದ. ಹುಡುಗನ ಮುಖ ಬಿಳಿಚಿಕೊಂಡಿತ್ತು.

"ನಿಮ್ಮ ಮಗಳು," ಎಂದ ದುಐಜ್. ಒಣಗಂಟಲಿನಿಂದ ದನಿ ಗಡಸಾಗಿ, ಆಳವಾಗಿ ಹೊರಟಿತು. "ನಮ್ಮ ಬರ್ಜಸ್‌ಗೆ."

ಬೂ ಶಾಫಿ ಗಡ್ಡ ಸವರಿಕೊಂಡರು.

"ಹಿಂದೆ ಬಂದೋರು ಒಂದೊಂದು ಗಂಟೆ ಅವರಜ್ಜನ ಕತೆ ಹೇಳಿದ್ರು. ನಂಗೆ ಮಗಳಿರೋದೇ ಮರೆತು ಹೋಗಿತ್ತು. ಕೂತು, ಬಟ್ಟಲಿಟ್ಟು, ಎರಡೇ ಮಾತಲ್ಲಿ ಕೇಳಿದ ಗಂಡಸು ನೀವೊಬ್ರೇ. ಹುಡುಗಿಯ ಒಪ್ಪಿಗೆ ಬೆಳಿಗ್ಗೆಯೇ ಕೇಳಿಟ್ಟಿದ್ದೀನಿ. ಅವಳು ನಿಮ್ಮ ಹುಡುಗನಿಗೆ. ಕುಡೀರಿ ಕಾಫಿ."

ಎಲ್ಲರೂ ದುಐಜನ ಕೈಯನ್ನೇ ನೋಡಿದರು. ಬೇಡಿಕೆ ಈಡೇರಿದ ಮೇಲೂ ಕಾಫಿ ಕುಡಿಯದಿದ್ದರೆ ಕೊಟ್ಟದ್ದನ್ನು ಮುಖಕ್ಕೆಸೆದ ಹಾಗೆ. ಸಂಬಂಧ ಅಲ್ಲಿಗೇ ಮುಗಿಯಿತು. ಕುಡಿದರೆ ಮತ್ತೆ ಸರದಿಯ ಬಾಲ, ಮತ್ತೆ ಕುರ್ಚಿ.

"ಬೂ ಗಾನಿಮ್," ಮಾವ ಹಲ್ಲು ಕಚ್ಚಿ ಪಿಸುಗುಟ್ಟಿದರು, "ಕುಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ದುಐಜ್ ಕಣ್ಣು ಮುಚ್ಚಿ ಕುಡಿದ. ಕಾಫಿ ಬಹಳ ಚೆನ್ನಾಗಿತ್ತು.

ಒಳಗಿನಿಂದ ಹೆಂಗಸರ ಸಂತೋಷದ ಉಲುಲು ಕೂಗು ಕೇಳಿಸಿತು. ಬರ್ಜಸ್ ಎದ್ದು ಭಾವನ ಹಣೆಗೆ ಮುತ್ತಿಟ್ಟು ಅತ್ತುಬಿಟ್ಟ. ಊಟ ಮಾಡದೆ ಯಾರನ್ನೂ ಕಳಿಸುವುದಿಲ್ಲವೆಂದು ಬೂ ಶಾಫಿ ಆಣೆ ಹಾಕಿದರು. ಅಗಲವಾದ ತಟ್ಟೆಯಲ್ಲಿ ಕೇಸರಿಯ ಅನ್ನ, ಮೇಲೆ ಇಡೀ ಕುರಿ. ಒಂದು ಗುಟುಕಿಗೂ ಇಡೀ ಕುರಿಗೂ ಡಾಕ್ಟರ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ. ಬೂ ಶಾಫಿ ತಮ್ಮ ಕೈಯಾರೆ ಭುಜದ ಮಾಂಸ ಬಿಡಿಸಿ ಬಿಡಿಸಿ ದುಐಜನ ಮುಂದೆ ಗುಡ್ಡೆ ಹಾಕಿದರು. ಎರಡು ವಾರದ ನಂತರ ಹಲ್ಲಿಗೆ ಕೆಲಸ ಸಿಕ್ಕಿತು. ದುಐಜ್ ದುಃಖದಿಂದ ತಿಂದ. ದುಃಖದಲ್ಲೂ ಅಗಿದು ತಿಂದ.

ಅಷ್ಟರಲ್ಲಿ ಬಾಗಿಲಲ್ಲಿ ಸಲಾಮು ಕೇಳಿಸಿತು.

"ಬಾ ಬಾ," ಎಂದರು ಬೂ ಶಾಫಿ. "ಇವನು ಹುಡುಗಿಯ ಸೋದರಮಾವ. ಯಾವತ್ತೂ ತಡವೇ."

ಬಂದವರು ಬಿಳಿ ದಿಶ್ದಾಶಾ ನಿಲುವಂಗಿಯಲ್ಲಿದ್ದರು. ದುಐಜ್ ಅವರನ್ನು ಯಾವತ್ತೂ ಹಸಿರು ಟೋಪಿಯಲ್ಲೇ ನೋಡಿದ್ದ. ಆದರೂ ಗುರುತು ಸಿಕ್ಕಿತು. ಬಾಯಲ್ಲಿದ್ದ ತುತ್ತು ಬಾಳೆಕಾಯಿಯ ತುದಿಯಲ್ಲೆಲ್ಲೋ ಸಿಕ್ಕಿಕೊಂಡಿತು.

ಡಾಕ್ಟರ್ ನವ್ವಾಫ್ ಕೈ ತೊಳೆದು ಬಂದು ಅವನ ಪಕ್ಕದಲ್ಲೇ ಕೂತರು. ಗುಡ್ಡೆ ನೋಡಿದರು. ದುಐಜನನ್ನು ನೋಡಿದರು.

"ಬೂ ಗಾನಿಮ್."

"ಡಾಕ್ಟ್ರೇ."

"ಕ್ಯಾಮೆರಾ ನಾಳೆ ಬೆಳಿಗ್ಗೆಗೆ ಹಾಕಿದ್ದೀನಿ, ಇವತ್ತು ಮನೇಲಿ ಕಾರ್ಯ ಇದೆ ಅಂತ. ನರ್ಸು ಮಗ್ರಿಬ್ ಆದಾಗಿಂದ ಫೋನ್ ಮಾಡ್ತಾನೇ ಇದ್ಲು. ಕಾಫಿ ನೀರು ಎಲ್ಲ ಕುಡೀಬಹುದಿತ್ತು ನೀವು."

ದುಐಜ್ ಮಾವನ ಕಡೆ ನೋಡಿದ. ಮಾವ ಮೂಳೆಯೊಂದರಲ್ಲಿ ಮಗ್ನರಾಗಿದ್ದರು.

"ಮಾಂಸ?" ಎಂದ ದುಐಜ್.

"ಮಾಂಸ ತಿನ್ನೋ ಹಾಗಿರಲಿಲ್ಲ."

"ಹಾಗಾದ್ರೆ ನಾಳೆ..."

"ನಾಳೆ ಆಗಲ್ಲ."

"ಡಾಕ್ಟ್ರೇ, ನಾನು ವರ್ಷದಿಂದ ಕೂತೇ ಮಲಗ್ತಿದ್ದೀನಿ," ಎಂದ ದುಐಜ್. ಅವನ ದನಿ ಸಣ್ಣಗಾಗಿತ್ತು. "ಸರದಿಯ ಬಾಲಕ್ಕೆ ಕಳಿಸಬೇಡಿ. ನಾಳೆಯಿಂದಲೇ ಮತ್ತೆ ತಿಳಿಸಾರು ಶುರು ಮಾಡ್ತೀನಿ. ಎರಡೇ ವಾರ ಕೊಡಿ."

ಡಾಕ್ಟರು ತಟ್ಟೆಯಾಚೆ ನೋಡುತ್ತಿದ್ದರು. ಅಲ್ಲಿ ಬೂ ಶಾಫಿ ನೆಂಟರೆಲ್ಲರಿಗೂ ಎರಡು ಮಾತಿನ ಬೇಡಿಕೆಯ ಕತೆಯನ್ನು ಎರಡನೇ ಸಲ ಹೇಳುತ್ತಿದ್ದರು. "ಬೆಟ್ಟ ಬಂದು ಕೂತ ಹಾಗಿತ್ತು ಮಾರಾಯಾ! ಇಲ್ಲ ಅನ್ನೋಕೆ ನಂಗೆ ಬಾಯೇ ಬರಲಿಲ್ಲ!"

ಡಾಕ್ಟರು ದುಐಜನತ್ತ ಬಾಗಿದರು. ಆಸ್ಪತ್ರೆಯಲ್ಲಿ ಅವರು ಯಾರ ಹತ್ತಿರವೂ ಅಷ್ಟು ಮೆತ್ತಗೆ ಮಾತಾಡಿದವರಲ್ಲ.

"ಬೂ ಗಾನಿಮ್, ನನ್ನ ದೊಡ್ಡ ಮಗನಿಗೆ ಎರಡು ಮನೇಲಿ ಇಲ್ಲ ಅಂದಿದ್ದಾರೆ. ನಾನೇ ಹೋಗಿದ್ದೆ. ನನ್ನ ನೋಡಿ, ಕಡ್ಡಿ ಥರ ಇದ್ದೀನಿ. ಬರೋ ತಿಂಗಳು ಇನ್ನೊಂದು ಮನೆಗೆ ಹೋಗೋದಿದೆ. ನೀವು ಬಂದು ಮುಂದೆ ಕೂತ್ರೆ..."

"ಬರ್ತೀನಿ ಡಾಕ್ಟ್ರೇ, ಖಂಡಿತ ಬರ್ತೀನಿ. ಆಪರೇಷನ್ನು?"

"ನಿಮ್ಮನ್ನ ಸರದಿಯ ಮುಂದಕ್ಕೇ ಹಾಕ್ತೀನಿ. ಅದು ನನ್ನ ಮಾತು."

ದುಐಜನ ಕಣ್ಣು ತುಂಬಿ ಬಂತು. "ಹಾಗಾದ್ರೆ ನಾಳೆಯಿಂದಲೇ ತಿಳಿಸಾರು..."

"ಏ, ತಿಳಿಸಾರು ಗಿಳಿಸಾರು ಮುಟ್ಟಬೇಡಿ!" ಡಾಕ್ಟರು ಗಾಬರಿಯಿಂದ ಅವನ ಮೊಣಕೈ ಹಿಡಿದರು. "ನನ್ನ ಹುಡುಗನದ್ದು ಮುಗೀಲಿ. ಆಮೇಲೆ ಅವನ ತಮ್ಮ ಒಬ್ಬ ಇದ್ದಾನೆ. ಅಲ್ಲೀವರೆಗೆ ಒಂದು ಕಿಲೋನೂ ಇಳೀಬಾರದು."

ಹೀಗೆಂದು ಕುರಿಯ ಬಾಲದ ಕೊಬ್ಬಿನ ಭಾಗವನ್ನು ಬೆರಳಿಂದ ಬಿಡಿಸಿ ದುಐಜನ ಗುಡ್ಡೆಯ ಮೇಲಿಟ್ಟರು.

"ತಿನ್ನಿ. ಡಾಕ್ಟರು ಹೇಳ್ತಿದ್ದೀನಿ."