ಪೆಂಡಾಲಿನ ಕೆಳಗಿದ್ದವರಿಗೆ ಒಂದು ಎಚ್ಚರಿಕೆ

ತಡೀರಿ, ಸುಂಟರಗಾಳಿ ಬರುವವರೆಗಾದರೂ ಕಾಯಿರಿ. ನಾನು ಬರುತ್ತದೆ ಎಂದ ಎಷ್ಟೋ ಬಿರುಗಾಳಿಗಳು ಬಂದಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಇದು ಬಂದೇ ಬಂತು, ಅದೂ ಊಟದ ಹೊತ್ತಿಗೆ.

ನನಗೆ ಹವಾಮಾನದ ಹುಚ್ಚು. ಓದಿದ್ದು ಎಲೆಕ್ಟ್ರಿಕಲ್, ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಡಿಸೈನ್ ಮಾಡುವುದು ಹೊಟ್ಟೆಪಾಡು, ಮನಸ್ಸು ಮಾತ್ರ ಮೋಡದಲ್ಲಿ. ಯಾರೂ ಕಲಿಸಿದ್ದಲ್ಲ. ಸ್ವೀಡನ್ನಿಗೆ ಬಂದ ಮೊದಲ ಚಳಿಗಾಲ, ಮಧ್ಯಾಹ್ನ ಮೂರಕ್ಕೇ ಕತ್ತಲಾಗಿ ಮಾಡಲು ಬೇರೇನೂ ತೋಚದೆ, ಅಮೆರಿಕದಲ್ಲಿ ಸುಂಟರಗಾಳಿಯನ್ನು ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುವವರ ವಿಡಿಯೋ ನೋಡುತ್ತ ಕೂತೆ. ಹಿಮ ಕರಗುವ ಹೊತ್ತಿಗೆ ರೇಡಾರ್ ಚಿತ್ರ ಓದುವುದು ಬಂದಿತ್ತು. ಬೇಸಗೆಯ ಹೊತ್ತಿಗೆ, ಮೊಸರು ತರಲು ಹೋದವನು ಅಂಗಡಿಯ ಪಾರ್ಕಿಂಗ್‌ನಲ್ಲೇ ನಿಂತು ಮೋಡ ನೋಡಿಕೊಂಡು, ಮೊಸರಿಲ್ಲದೆ ಮನೆಗೆ ಬರುವ ಹಂತ ಮುಟ್ಟಿದ್ದೆ.

ಕಲಿತದ್ದನ್ನು ಒಳಗೇ ಇಟ್ಟುಕೊಂಡರೆ ಅಜೀರ್ಣವಾಗುತ್ತದೆ. ಇಲ್ಲಿನ ಕನ್ನಡಿಗರದೊಂದು ವಾಟ್ಸ್ಆಪ್ ಗುಂಪಿದೆ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಆಮೇಲೆ ಬೆಂಗಳೂರಿಗೆ ಹೋಗುವವರ ಸೂಟ್‌ಕೇಸಿನಲ್ಲಿ ಎರಡು ಕೆಜಿ ಜಾಗ ಉಂಟೇ ಎಂಬ ವಿಚಾರಣೆ, ನಡುವೆ ಯಾರದೋ ಮಗುವಿಗೆ ಡಾಗಿಸ್ ಎಂಬ ಇಲ್ಲಿನ ಶಿಶುವಿಹಾರದಲ್ಲಿ ಅಂಟಿಕೊಂಡ ನೆಗಡಿ. ಇವುಗಳ ಮಧ್ಯೆ ನಾನು ಎಚ್ಚರಿಕೆ ಹಾಕತೊಡಗಿದೆ. ಇಲ್ಲಿನ ಸರಕಾರ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಕೊಟ್ಟು ಸುಮ್ಮನಾಗುತ್ತದೆ. ಸ್ವೀಡನ್ನಿನವರು ಹಳದಿ ನೋಡಿದರೆ ಮಳೆಯಂಗಿ ಹಾಕಿಕೊಂಡು ವಾಕಿಂಗ್ ಹೊರಡುತ್ತಾರೆ. ನಮ್ಮವರಿಗೆ ಹಳದಿ ಎಂದರೆ ಚಿತ್ರಾನ್ನ. ಇನ್ನು ಸುಂಟರಗಾಳಿಗೇ ಅಂತ ಒಂದು ಬಣ್ಣವನ್ನು ನಾನು ಈ ದೇಶದಲ್ಲಿ ನೋಡಿಲ್ಲ. ಅದಕ್ಕೇ ಆ ಕೊರತೆಯನ್ನು ನಾನೊಬ್ಬನೇ ತುಂಬಲು ಹೊರಟೆ. ನಕ್ಷೆ, ನಕ್ಷೆಯ ಮೇಲೆ ಕೆಂಪು ಬಾಣ, ಬಾಣದ ಕೆಳಗೆ ಗ್ರಾಫ್, ಗ್ರಾಫಿಗೆ ಟಿಪ್ಪಣಿ. ಆಲಿಕಲ್ಲು ಬೀಳುತ್ತದೆ ಎಂದು ಬರೆದರೆ ಒಬ್ಬರು ಕೈಮುಗಿದ ಚಿತ್ರ ಹಾಕುತ್ತಿದ್ದರು. ಇನ್ನೊಬ್ಬರು ಕೇಕಿನ ಚಿತ್ರ ಹಾಕಿ, ನನ್ನ ಗ್ರಾಫಿನ ಮೇಲೆಯೇ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದರು.

ಕೊನೆಗೆ ಗುಂಪಿನ ಅಡ್ಮಿನ್ ಶೈಲಜಕ್ಕ, ಇನ್ನು ಮುಂದೆ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು ಎಂದು ಬೀಗ ಜಡಿದರು. ನನ್ನನ್ನು ಫಿಕಾಗೆ ಕರೆದು, ಕಾಫಿ ಜೊತೆ ದಾಲ್ಚಿನ್ನಿ ಬನ್ ಕೊಟ್ಟು, ಬೇಜಾರು ಮಾಡಿಕೊಳ್ಳಬೇಡ ಕಣೋ, ಅರ್ಧ ಜನ ಗುಂಪನ್ನು ಮ್ಯೂಟ್ ಮಾಡಿದ್ದಾರೆ ಎಂದರು. ಬನ್ ಚೆನ್ನಾಗಿತ್ತು. ಅವಮಾನ ಅದಕ್ಕಿಂತ ದೊಡ್ಡದಿತ್ತು.

ಇದಾಗಿ ಎರಡು ತಿಂಗಳಿಗೆ, ಜುಲೈನ ಒಂದು ಶನಿವಾರ, ಮೇಲರೆನ್ ಸರೋವರದ ದಡದಲ್ಲಿ ನಮ್ಮವರ ಬೇಸಗೆ ಕೂಟ. ಬಾಡಿಗೆಗೆ ತಂದ ನೀಲಿ ಪೆಂಡಾಲು, ಕಬ್ಬಿಣದ ಕಂಬ. ಅದನ್ನು ನಿಲ್ಲಿಸಿದವರು ಏಳು ಜನ ಸಾಫ್ಟ್‌ವೇರ್ ಇಂಜಿನಿಯರುಗಳು, ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಆ ಪೆಂಡಾಲಿನ ಕೆಳಗೆ ಇಪ್ಪತ್ತು ಮಕ್ಕಳು ನೆಲದ ಮೇಲೆ ಹಾಳೆ ಹರಡಿ ಚಿತ್ರಕಲೆ ಸ್ಪರ್ಧೆಗೆ ಕೂತಿದ್ದವು. ಹುಲ್ಲುಗಾವಲಿನ ಆಚೆ ನಗರಸಭೆಯ ಇಟ್ಟಿಗೆಯ ಸಣ್ಣ ಹಾಲ್ ಇತ್ತು.

ಹನ್ನೆರಡೂವರೆಗೆ ನನ್ನ ಫೋನಿನ ರೇಡಾರಿನಲ್ಲಿ, ನೈಋತ್ಯದಿಂದ ಬರುತ್ತಿದ್ದ ಗುಡುಗುಮೋಡ ಬಾಲದ ಹತ್ತಿರ ಕೊಕ್ಕೆಯಂತೆ ಬಾಗಿತು. ಆ ಕೊಕ್ಕೆ ಎಂದರೆ ಮೋಡ ತಿರುಗುತ್ತಿದೆ ಎಂದರ್ಥ. ಗುಂಪಿಗೆ ಹಾಕೋಣವೆಂದರೆ ಬೀಗ. ಒಬ್ಬೊಬ್ಬರ ಹತ್ತಿರ ಹೋಗಿ ತೋರಿಸಿದೆ. ಒಬ್ಬರು ಫೋನ್ ಯಾವ ಮಾಡೆಲ್ ಎಂದರು. ಇನ್ನೊಬ್ಬರು, ನಾದಿನಿಯ ಗೃಹಪ್ರವೇಶ ಇದೆ, ಭಾನುವಾರ ಬೆಂಗಳೂರಲ್ಲಿ ಮಳೆ ಬರುತ್ತಾ ನೋಡಿ ಹೇಳು ಎಂದರು. ಕುಂದಾಪುರದ ಕಾಮತ್ ಮಾಮ ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು.

“ಏನು ಮಾರಾಯ, ಇವತ್ತೂ ಪ್ರಳಯ ಉಂಟಾ?”

ತಲೆಯ ಮೇಲೆ ಆಕಾಶ ನೀಲಿ.

ಇದ್ದಕ್ಕಿದ್ದಂತೆ ಗಾಳಿ ನಿಂತಿತು. ನೀರು ಸೀಸದ ಬಣ್ಣಕ್ಕೆ ತಿರುಗಿತು. ನೂರಾರು ವಿಡಿಯೋದಲ್ಲಿ ನೋಡಿದ್ದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ಕಂಬದ ಬುಡದಲ್ಲೇ ಒಂದು ಮಗು ನಾಲಿಗೆ ಹೊರಚಾಚಿ ಆನೆಗೆ ಬಣ್ಣ ತುಂಬುತ್ತಿತ್ತು. ಓಡಿದೆ. ಶೈಲಜಕ್ಕ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ರೇಡಾರು, ಕೊಕ್ಕೆ ಎಲ್ಲ ಮರೆತುಹೋಗಿ ಬಾಯಿಗೆ ಬಂದದ್ದು ಇಷ್ಟೇ:

“ಅಕ್ಕಾ, ಪೆಂಡಾಲ್ ಹಾರುತ್ತೆ. ಕೆಳಗೆ ಮಕ್ಕಳಿದ್ದಾರೆ.”

ಅವರು ಸರೋವರದ ಕಡೆ ಒಮ್ಮೆ ನೋಡಿದರು. ಮುಚ್ಚಳ ವಾಪಸ್ ಇಟ್ಟು ಫೋನ್ ತೆಗೆದರು. ಬಯಲಿನಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಮ್ಯೂಟ್ ಮಾಡಿದ್ದವರದೂ ಸೇರಿ. ನನಗೆ ಬೀಗ ಬಿದ್ದ ಮರುದಿನವೇ ಎಲ್ಲರೂ ಮ್ಯೂಟ್ ತೆಗೆದಿದ್ದರಂತೆ. ಮೆಸೇಜ್ ಹೀಗಿತ್ತು: “ಊಟ ಹಾಲ್ ಒಳಗೆ. ಈಗಲೇ ಬನ್ನಿ. ಮಕ್ಕಳಿಗೆ ಮೊದಲ ಪಂಕ್ತಿ.”

ನಾಲ್ಕು ಜನ ಪಾತ್ರೆ ಎತ್ತಿಕೊಂಡು ಮುಂದೆ ನಡೆದರು, ಊರು ಹಿಂದೆ ನಡೆಯಿತು. ನಾನು ಹೇಳಿದಾಗ ಕುರ್ಚಿ ಬಿಟ್ಟು ಏಳದ ಕಾಮತ್ ಮಾಮ ಒಂದು ಕೈಯಲ್ಲಿ ಉಪ್ಪಿನಕಾಯಿ ಜಾಡಿ, ಇನ್ನೊಂದರಲ್ಲಿ ಮಗಳನ್ನು ಹಿಡಿದು ಎಲ್ಲರಿಗಿಂತ ಮುಂದಿದ್ದರು. ಐದು ನಿಮಿಷಕ್ಕೆ ಬಯಲು ಖಾಲಿ.

ಬಾಗಿಲು ಹಾಕಿದ್ದಷ್ಟೇ, ಗಾಳಿ ಬಡಿಯಿತು. ಕಿಟಕಿಯಿಂದ ನೋಡಿದರೆ ಸರೋವರದ ಮೇಲೆ ಮೋಡದಿಂದ ಬೂದುಬಣ್ಣದ ಸಣ್ಣ ಸೊಂಡಿಲೊಂದು ಇಳಿದು, ಒಂದು ನಿಮಿಷ ತೂಗಾಡಿ, ದಡ ಮುಟ್ಟುವ ಮೊದಲೇ ಹರಿದುಹೋಯಿತು. ಪೆಂಡಾಲು ಎದ್ದು ಬರ್ಚ್ ಮರಗಳಿಗೆ ಸಿಕ್ಕಿಕೊಂಡಿತು. ಮಕ್ಕಳು ಹಾಳೆ ಹರಡಿದ್ದ ಜಾಗದಲ್ಲಿ ಕಬ್ಬಿಣದ ಕಂಬವೊಂದು ಅಡ್ಡ ಬಿದ್ದಿತ್ತು. ಕಾಮತ್ ಮಾಮ ಉಪ್ಪಿನಕಾಯಿ ಜಾಡಿ ಕೆಳಗಿಟ್ಟು, ಶೈಲಜಕ್ಕ ಊಟ ಒಳಗೆ ಇಟ್ಟದ್ದು ಎಷ್ಟು ಒಳ್ಳೇದಾಯ್ತು ನೋಡಿ ಎಂದರು. ಹೌದು ಹೌದು ಎಂದರು ಎಲ್ಲರೂ. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ, ನನಗೂ ಒಂದು ಸೌಟು ಬಡಿಸಿದರು.

ಹಾಲ್ ಕೀ ಎಲ್ಲಿಂದ ಬಂತು ಎಂದು ಶೈಲಜಕ್ಕನನ್ನೇ ಕೇಳಿದೆ. ಬೆಳಿಗ್ಗೆ ಹಳದಿ ಎಚ್ಚರಿಕೆ ನೋಡಿದ್ದರಂತೆ, ಇರಲಿ ಅಂತ ಹಾಲ್ ನೋಡಿಕೊಳ್ಳುವವರಿಂದ ಇಸ್ಕೊಂಡಿದ್ದರಂತೆ. ನನಗೆ ರೇಗಿತು. ನಾನು ವರ್ಷಗಟ್ಟಲೆ ಇದನ್ನೇ ತಾನೇ ಬಾಯಿ ಬಡಕೊಂಡಿದ್ದು ಎಂದೆ.

“ನೀನು ಮೋಡ ಎಲ್ಲಿಗೆ ಹೋಗುತ್ತೆ ಅಂತ ಬರೀತಿದ್ದೆ ಕಣೋ. ನಾವೆಲ್ಲಿಗೆ ಹೋಗ್ಬೇಕು ಅಂತ ಒಂದ್ಸಲನಾದ್ರೂ ಬರ್ದಿದ್ಯಾ?”

ಬರೆದಿರುತ್ತೇನೆ, ಹುಡುಕಿ ತೋರಿಸುತ್ತೇನೆ ಎಂದು ಒಂದು ಕೈಯಲ್ಲಿ ತಟ್ಟೆ ಹಿಡಿದು ಹಳೆಯ ಮೆಸೇಜುಗಳನ್ನೆಲ್ಲ ತಿರುವಿದೆ. ಬಾಣ, ಗ್ರಾಫ್, ಬಾಣ. ಒಂದು ಆಲಿಕಲ್ಲಿನ ನಕ್ಷೆಯ ಕೆಳಗೆ ಯಾರೋ ಒಬ್ಬ ತಾಯಿ, ಹಾಗಾದರೆ ಮಗೂನ ಡಾಗಿಸ್‌ನಿಂದ ಬೇಗ ಕರ್ಕೊಂಡು ಬರ್ಲಾ ಎಂದು ಕೇಳಿದ್ದರು. ನಾನು ಉತ್ತರ ಕೊಟ್ಟಿದ್ದೆ. ಇನ್ನೊಂದು ಗ್ರಾಫ್ ಕಳಿಸಿದ್ದೆ.

ಫೋನ್ ಜೇಬಿಗಿಟ್ಟು ಊಟ ಮುಗಿಸಿದೆ. ನಿಮ್ಮ ಕಡೆ ಬಿರುಗಾಳಿಯ ಸುದ್ದಿ ಯಾರ ಬಾಯಿಂದ ಬರುತ್ತದೆ, ಯಾರು ಹೇಳಿದರೆ ನೀವು ಕುರ್ಚಿ ಬಿಟ್ಟು ಏಳುತ್ತೀರಿ? ದಯವಿಟ್ಟು ಬರೆದು ತಿಳಿಸಿ. ಗ್ರಾಫ್ ಬೇಡ, ಎರಡು ಸಾಲು ಸಾಕು.